ಕಾಂಪು ಆಯೇರಿಯಲ್ಲ

ಯಾದಗಿರಿ ಸ್ಟೇಷನ್ನಿನ ಈಚೆ ಬದಿಗೆ ನನ್ನ ಮನೆ. ಗೋವಾಕ್ಕೆ ಹೊರಟ ಹುಡುಗರು, ಈಗೀಗ ಹುಡುಗಿಯರೂ, ಬಂದು ಬಾಗಿಲು ಬಡಿಯುತ್ತಾರೆ. ಕಡೇಚೂರಿನ ಫ್ಯಾಕ್ಟರಿಯಲ್ಲಿ ಶಿಫ್ಟು ಮಾಡಿ ಬೇಸತ್ತವರು, ಸುರಪುರದಲ್ಲಿ ಡಿಗ್ರಿ ಮುಗಿಸಿ ಸುಮ್ಮನೆ ಕುಂತವರು. ಕೆಸಿನೋ ನೌಕರಿ ಹೆಂಗ್ರಿ ಸರ, ಪಗಾರ ಎಷ್ಟ್ರಿ, ಇರಾಕ ಖೋಲಿ ಕೊಡ್ತಾರೇನ್ರಿ ಎಂದು ಕೇಳುತ್ತಾರೆ. ಅಷ್ಟು ತಿಳಿದರೆ ಸಾಕು, ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಡುತ್ತಾರೆ. ನಾನು ಹೇಳಬೇಕೆಂದಿದ್ದು ಬಾಯಲ್ಲೇ ಉಳಿಯುತ್ತದೆ. ಅದನ್ನು ಇಲ್ಲಿ ಬರೆದಿಡುತ್ತೇನೆ.

ನಮ್ಮದು ಕೆಂಭಾವಿ ಹತ್ತಿರದ ಹಳ್ಳಿ. ನಮ್ಮಪ್ಪ ಕುರಿ ಕಾಯ್ದವನು. ಹೆಬ್ಬೆಟ್ಟು ಬಿಟ್ಟರೆ ಬೇರೆ ಸಹಿ ಅವನಿಗೆ ಗೊತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಬಿ.ಎ. ಪಾಸಾದವರಲ್ಲಿ ನಾನೇ ಮೊದಲಿಗ. ಇಂಗ್ಲಿಷಿನಲ್ಲಿ ಒಮ್ಮೆ ಡುಮ್ಕಿ ಹೊಡೆದು, ಮತ್ತೆ ಕುಂತು, ಪಾಸಾದೆ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಬಹಳ ಮಂದಿಗೆ ಸಿಗುವಷ್ಟು ಸಸಾರವಾಗಿ ನನಗೆ ಅದು ಸಿಗಲಿಲ್ಲ.

ಪಣಜಿಯ ಒಂದು ಹೋಟೆಲಿನ ಕೌಂಟರಿಗೆ ಹೋಗಿ ನಿಂತೆ. ಮಾಲೀಕರು ಮುಂದೆ ಹೊಳೆಯಲ್ಲಿ ಹಡಗು ನಿಲ್ಲಿಸಿ ಕೆಸಿನೋ ತೆಗೆದಾಗ ನನ್ನನ್ನು ಅಲ್ಲಿಗೆ ಎಳೆದುಕೊಂಡರು. ಕಾರಣ ನನ್ನ ನಾಲಿಗೆ. ಹೈದರಾಬಾದಿನಿಂದ ಬಂದವರೊಡನೆ ದಖನಿ, ಗುರುಮಿಠಕಲ್ಲಿನ ಆಚೆಯಿಂದ ಬಂದವರೊಡನೆ ತೆಲುಗು, ಹುಬ್ಬಳ್ಳಿಯವರೊಡನೆ ಕನ್ನಡ. ನಮ್ಮ ಜಿಲ್ಲೆಯ ಸಂತೆಯಲ್ಲಿ ಬೆಳೆದ ಯಾವ ಹುಡುಗನಿಗೂ ಇಷ್ಟು ಬರುತ್ತದೆ. ಅಲ್ಲಿ ಮಾತ್ರ ಅದನ್ನು ವಿದ್ಯೆ ಎಂದು ಎಣಿಸಿದರು.

ನನ್ನ ಹೆಸರು ಬೀರಪ್ಪ. ಎದೆಗೆ ಹಚ್ಚುವ ಪಟ್ಟಿಯಲ್ಲಿ ಅದನ್ನು ಬರೆಸಲು ಹೋದಾಗ ನಮ್ಮ ಮ್ಯಾನೇಜರ್ ಫರ್ನಾಂಡಿಸ್ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕುಡಿಯಲು ಬಂದವರು ನಿನ್ನ ಎದೆ ನೋಡಿ ಬೀರು ತಾ ಅಂತಾರೆ ಮಾರಾಯ, ಎಂದು ‘ವೀರ್’ ಎಂದು ಬರೆಸಿದರು. ನೌಕರಿ ಮುಗಿಯುವ ತನಕ ನಾನು ಮಿಸ್ಟರ್ ವೀರ್.

ಊರಿಗೆ ಬಂದಾಗ ಅಪ್ಪ ಕೇಳಿದ, ಏನ್ ಕೆಲ್ಸಪಾ ನಿಂದು ಅಂತ. ಬಂದವರನ್ನ ಚೆಂದಗೆ ನೋಡಿಕೊಳ್ಳೋದು ಅಂದೆ. “ಅಂದ್ರ ವರ್ಷಪೂರ್ತಿ ಬೀಗರು ಬಂದಂಗ. ಅದಕ್ಕ ಬಿ.ಎ. ಯಾಕ ಬೇಕಿತ್ತು?” ಅಂದ. ಅವ ಚೇಷ್ಟೆಗೆ ಅಂದಿದ್ದು. ನನ್ನ ಕೆಲಸವನ್ನು ಅಷ್ಟು ಸರಿಯಾಗಿ ಹೇಳಿದವರು ಮತ್ತೊಬ್ಬರಿಲ್ಲ.

ಕೆಲಸದ ಹೆಸರು ಹೋಸ್ಟ್. ಆಡುವವರಿಗೆ ಕಂಪನಿ ಪುಕ್ಕಟೆ ಕೊಡುವುದಕ್ಕೆಲ್ಲ ಕಾಂಪು ಎನ್ನುತ್ತಾರೆ: ಊಟ, ಕುಡಿಯುವುದು, ಖೋಲಿ, ಏರ್‌ಪೋರ್ಟಿನಿಂದ ಕಾರು, ದೊಡ್ಡವರಿಗೆ ವಿಮಾನದ ಟಿಕೀಟು. ಯಾರಿಗೆ ಎಷ್ಟು ಕೊಡಬೇಕೆಂದು ನೋಡುವವನು ಹೋಸ್ಟ್. ಬಹಳಷ್ಟು ಆಟಗಾರರು ತಿಳಿದಿರುವುದು ತಪ್ಪು. ಎಷ್ಟು ಸೋತೆವೋ ಅಷ್ಟು ಸತ್ಕಾರ ಅಂತ ಅವರ ನಂಬಿಕೆ. ಕಂಪನಿ ನೋಡುವುದು ಒಂದೊಂದು ಆಟಕ್ಕೆ ನೀನು ಎಷ್ಟು ಹಚ್ಚುತ್ತೀ, ಎಷ್ಟು ಹೊತ್ತು ಕೂಡುತ್ತೀ, ನೀನು ಆಡುವ ಆಟದಲ್ಲಿ ಕಂಪನಿಗೆ ಉಳಿಯುವ ಪಾಲು ಎಷ್ಟು ಎನ್ನುವುದನ್ನು. ಇವು ಮೂರನ್ನೂ ಕೂಡಿಸಿ, ಈ ಮನುಷ್ಯ ಕಡೆಗೆ ಎಷ್ಟು ಬಿಟ್ಟುಹೋಗುತ್ತಾನೆ ಅಂತ ಮೊದಲೇ ಅಂದಾಜು ಹಾಕುತ್ತಾರೆ. ಅದರಲ್ಲಿ ಒಂದು ಚೂರು ತಿರುಗಿ ಊಟವಾಗಿ, ಹಾಸಿಗೆಯಾಗಿ ಬರುತ್ತದೆ. ಒಂದೇ ಏಟಿಗೆ ಗಂಟು ಇಟ್ಟು ಸೋತು ಎದ್ದವನಿಗೆ ಕಾಫಿ. ಮಧ್ಯಾಹ್ನದಿಂದ ಮೆಲ್ಲಗೆ ಕುಂತವನಿಗೆ ಊಟ.

ಇದನ್ನು ನನಗಿಂತ ಚಲೋ ತಿಳಿದಿದ್ದವಳು ಹೈದರಾಬಾದಿನ ಒಬ್ಬ ಮುದುಕಿ. ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಬಟನ್ ಒತ್ತಿ ಆಡುವ ಜೂಜಿನ ಮಿಷನ್ನಿನ ಮುಂದೆ ಕೂತು, ಒಂದು ಸಲ ಒತ್ತಿ, ಪಾನ್ ಮೆಲ್ಲುತ್ತ ಆಚೆಯವರ ಆಟ ನೋಡಿ, ಮತ್ತೊಂದು ಸಲ ಒತ್ತುವಳು. ಬಂದ ಕೂಡಲೇ ಮೊದಲು ಆಟದ ಲೆಕ್ಕ ಇಡುವ ಕಂಪನಿಯ ಕಾರ್ಡು ಹಚ್ಚಿಸುವಳು. ಕಾರ್ಡು ಹಚ್ಚದ ಆಟ ಗಾಳಿಗೆ ಹೋದ ಆಟ. ಬರುವ ಮೊದಲೇ ನನಗೆ ಫೋನು, ಇಂಥ ದಿನ ಬರುತ್ತೇನೆ, ಖೋಲಿ ಕೊಡುತ್ತೀಯೋ ಆಚೆಯ ಹಡಗಿಗೆ ಹೋಗಲೋ ಅಂತ. ಬಂದ ಮೇಲೆ ಕೇಳಿದರೆ ನನ್ನ ಕೈ ಕಟ್ಟಿರುತ್ತದೆ, ಬರುವ ಮೊದಲು ಕೇಳಿದರೆ ಬಿಚ್ಚಿರುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು. ಒಂದು ದಿನ ನಾನೇ ಕೇಳಿಬಿಟ್ಟೆ, ಇಷ್ಟು ಸಣ್ಣ ಆಟಕ್ಕೆ ಇಷ್ಟು ಕೇಳಲು ಸಂಕೋಚ ಆಗೋದಿಲ್ಲವೇ ಅಂತ. ಪಾನಿನ ರಸ ಒಳಗೆ ಎಳೆದುಕೊಂಡು ಅಂದಳು: “ಶರ್ಮಾಯೇ ತೋ ಭೂಕೇಚ್ ಮರ್ತೆ ಬೇಟಾ. ತುಮಾರೇ ಸೇಠಾಂ ಶರ್ಮಾರೈಂ ಕ್ಯಾ?” ನಾಚಿಕೊಂಡರೆ ಉಪವಾಸವೇ ಗತಿ, ನಿಮ್ಮ ಸೇಠರೇನು ನಾಚಿಕೊಂಡಿದ್ದಾರೆಯೇ ಎಂದು. ಆವತ್ತು ಅವಳಿಗೆ ಬಿರಿಯಾನಿಯ ಮೇಲೆ ಡಬಲ್ ಕಾ ಮೀಠಾವನ್ನೂ ಕೊಡಿಸಿದೆ.

ಫರ್ನಾಂಡಿಸ್ ಸಾಹೇಬರು ಹಳೆಯ ಕಾಲದ ಹೋಟೆಲಿನವರು. ಅವರು ಕಲಿಸಿದ್ದು ಎರಡೇ ಮಾತು. ಆಟಗಾರನ ತಟ್ಟೆಯಿಂದ ಉಣ್ಣಬೇಡ, ಅವನ ಮನೆಗೆ ಹೋಗಬೇಡ. ಎರಡನ್ನೂ ನಾನು ಮುರಿದೆ; ಅದನ್ನು ಮುಂದೆ ಹೇಳುತ್ತೇನೆ. ಅವರ ಕಾಲದಲ್ಲಿ ಮೇಜಿನ ಹಿಂದೆ ನಿಂತ ಸೂಪರ್‌ವೈಜರು ಕಣ್ಣಂದಾಜಿನಲ್ಲೇ ಎಷ್ಟು ಹಚ್ಚಿದ, ಎಷ್ಟು ಹೊತ್ತು ಕುಂತ ಅಂತ ಬರೆಯುತ್ತಿದ್ದರು. ಪಕ್ಕಾ ಆಟಗಾರರು ಸೂಪರ್‌ವೈಜರು ತಿರುಗಿದಾಗ ದೊಡ್ಡದು ಹಚ್ಚಿ, ಆತ ಆಚೆ ಹೋದ ಮೇಲೆ ಸಣ್ಣದಕ್ಕೆ ಇಳಿಯುತ್ತಿದ್ದರು. ನಮಗೂ ಗೊತ್ತಿರುತ್ತಿತ್ತು. ಹೋಸ್ಟಿನ ಕೈಯಲ್ಲಿ ಒಂದು ಪೆನ್ನು ಇರುತ್ತಿತ್ತು. ಇವನಿಗೆ ಊಟ ಕೊಡಿ ಎಂದು ಗೀಚಿದರೆ ಊಟ ಬರುತ್ತಿತ್ತು. ಆಮೇಲೆ ಕಂಪ್ಯೂಟರು ಬಂತು. ಪೆನ್ನು ಹೋಯಿತು. ಬಟನ್ ಒತ್ತಿದರೆ ಪರದೆಯೇ ಹೇಳುತ್ತದೆ, ಇವನಿಗೆ ಸೂಪು ಸಾಕು ಅಂತ. ನಾವು ಅದನ್ನು ನಗುನಗುತ್ತ ಹೇಳುವವರಾದೆವು.

ನನ್ನ ಒಂದು ಅವಾಂತರ ಹೇಳಲೇಬೇಕು. ಆಟಗಾರರ ಹುಟ್ಟಿದ ದಿನ, ಮದುವೆಯಾದ ದಿನ ಎಲ್ಲ ನನಗೆ ಬಾಯಿಪಾಠ. ರಾಯಚೂರಿನ ಒಬ್ಬ ಆಟಗಾರರ ಮನೆಯವರಿಗೂ ಮದುವೆಯ ದಿನದ ಶುಭಾಶಯ ಹೇಳೋಣವೆಂದು ಬೆಳಿಗ್ಗೆ ಮನೆಗೇ ಫೋನು ಹಚ್ಚಿದೆ. ಹೆಂಡತಿ ಎತ್ತಿದರು. ಅವರು ತಿರುಪತಿಗೆ ಹೋಗ್ಯಾರ್ರಿ, ನೀವ್ಯಾರು ಅಂದರು. ಅವರ ಯಜಮಾನರು ನನ್ನ ಎದುರಿಗೇ ಕೂತು ಇಡ್ಲಿ ತಿನ್ನುತ್ತಿದ್ದರು, ನಾನು ಯಾರಿಗೆ ಫೋನು ಹಚ್ಚಿದ್ದೇನೆಂದು ತಿಳಿಯದೆ. ತಿರುಪತಿ ದೇವಸ್ಥಾನದಿಂದಲೇ ಮಾತಾಡುತ್ತಿರುವೆನೆಂದು ಹೇಳಿ ಫೋನು ಇಟ್ಟೆ. ಮನೆಗೆ ಒಯ್ಯಲು ತಿರುಪತಿಯಂಥ ಲಡ್ಡು ಹುಡುಕಿಕೊಂಡು ಯಜಮಾನರು ಪಣಜಿಯೆಲ್ಲ ತಿರುಗಬೇಕಾಯಿತು.

ಇಷ್ಟು ಮಂದಿಯ ಹುಟ್ಟಿದ ದಿನ ಗೊತ್ತಿದ್ದ ನನಗೆ ನನ್ನ ಮಗಳ ಹುಟ್ಟಿದ ದಿನ ಊರಲ್ಲಿರಲು ಆಗುತ್ತಿರಲಿಲ್ಲ. ಮಂದಿಗೆ ಹಬ್ಬವೆಂದರೆ ನಮಗೆ ಗಿರಾಕಿ. ಯುಗಾದಿಯ ದಿನ ಅಡುಗೆಮನೆಯ ಹಿಂದೆ ನಿಂತು ಸಿಬ್ಬಂದಿಯ ಅನ್ನ ಸಾರು ಉಂಡು, ಕೋಟು ಝಾಡಿಸಿ, ಮತ್ತೆ ಯಾರಿಗೋ ಹೋಳಿಗೆ ಬಡಿಸಲು ಹೋಗುತ್ತಿದ್ದೆ. ಹೆಂಡತಿ ಸುರಪುರದಲ್ಲಿ ಮಕ್ಕಳನ್ನು ಬೆಳೆಸಿದಳು. ಈಗಲೂ ಹೆಚ್ಚಾಗಿ ಮಗಳ ಮನೆಯಲ್ಲೇ ಇರುತ್ತಾಳೆ. ಜಗಳವೇನಿಲ್ಲ. ನನ್ನ ಜೊತೆ ಇರುವುದು ಅವಳಿಗೆ ರೂಢಿಯಾಗಲಿಲ್ಲ, ಅಷ್ಟೇ.

ಇನ್ನು ಸಂಗಣ್ಣ ಸಾವಕಾರರ ಮಾತು.

ಶಹಾಪುರದಲ್ಲಿ ಅವರದು ಹತ್ತಿ ಗಿರಣಿ. ಯಾರೋ ವ್ಯಾಪಾರಿ ಗೆಳೆಯರ ಜೊತೆ ಮೊದಲ ಸಲ ಬಂದು, ಧೋತರ ಉಟ್ಟು, ಹಡಗಿನ ಕೆಂಪು ಹಾಸಿನ ಮೇಲೆ ಚಪ್ಪಲಿ ಬಿಡಬೇಕೋ ಬೇಡವೋ ಎಂದು ನಿಂತಿದ್ದರು. ಹಂಗಽ ಬರ್ರಿ ಸಾವಕಾರ್ರ ಅಂದೆ. ಆ ಮಾತು ಕೇಳಿ ನನ್ನ ಮುಖ ನೋಡಿದರು. ಯಾವೂರಪಾ ತಮ್ಮಾ ಅಂದರು. ಕೆಂಭಾವಿ ಕಡೆಯವರ್ರಿ ಅಂದೆ. ಖರೇ ಹೆಸರೇನು ಅಂದರು. ಬೀರಪ್ಪರಿ ಅಂದೆ. ಆವತ್ತಿನಿಂದ ಆ ಹಡಗಿನಲ್ಲಿ ನನ್ನನ್ನು ನನ್ನ ಹೆಸರಿನಿಂದ ಕರೆದವರು ಅವರೊಬ್ಬರೇ. ಬರುವಾಗ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಬರುವರು. ಅವರ ಖೋಲಿಯಲ್ಲಿ ಕೂತು, ಅವರ ಬುತ್ತಿಯಿಂದ ನಾನು ಉಣ್ಣುತ್ತಿದ್ದೆ. ಸಾಹೇಬರ ಮೊದಲ ಮಾತು ಅಲ್ಲಿ ಮುರಿಯಿತು.

ಸಾವಕಾರರ ಆಟದಲ್ಲಿ ಒಂದು ವಿಚಿತ್ರ ಇತ್ತು. ಪುಕ್ಕಟೆ ಊಟವಾದ ಮೇಲೆ ತಪ್ಪದೆ ಆಡಲು ಕೂಡುವರು, ದಣಿದಿದ್ದರೂ ಕೂಡುವರು. ನಿಮ್ಮ ಶಹಾಪುರದವರ ಊಟಕ್ಕೆ ಏನು ಹಾಕಿಸುತ್ತೀ ವೀರ್ ಅಂತ ಫರ್ನಾಂಡಿಸ್ ಸಾಹೇಬರು ಕೇಳಿದ್ದುಂಟು. ನನಗೆ ಗೊತ್ತಿತ್ತು. ನಮ್ಮ ಕಡೆ ಮದುವೆಗೆ ಬಂದವರು ಸೀರೆ, ಟೋಪಿಗೆ ಎಂಬ ತಲೆಗೆ ಸುತ್ತುವ ರುಮಾಲು, ಬಟ್ಟೆ ತರುತ್ತಾರೆ. ಅದಕ್ಕೆ ಆಯೇರಿ ಅನ್ನುತ್ತೇವೆ. ಇವತ್ತು ಅವರು ನಮಗೆ ತಂದರೆ ನಾಳೆ ಅವರ ಮನೆಯ ಕಾರ್ಯಕ್ಕೆ ನಾವು ಒಯ್ಯಬೇಕು. ಒಯ್ಯದವನ ಮಾನ ಹೋಗುತ್ತದೆ. ಸಾವಕಾರರು ಕಾಂಪನ್ನು ಆಯೇರಿ ಎಂದು ತಿಳಿದಿದ್ದರು. ಉಂಡ ಮನೆಗೆ ತಿರುಗಿ ಮುಟ್ಟಿಸಲು ಅವರಿಗೆ ಅಲ್ಲಿ ಇದ್ದ ದಾರಿ ಮೇಜು ಒಂದೇ. ಗೆಲ್ಲುವ ಆಸೆಯಿಂದ ಆಡುವವನು ಎಲ್ಲೋ ಒಂದು ಕಡೆ ನಿಲ್ಲುತ್ತಾನೆ. ಮಾನಕ್ಕೆ ಆಡುವವನನ್ನು ನಿಲ್ಲಿಸುವುದು ಕಷ್ಟ.

ಅವರ ಮಗಳ ಮದುವೆ ಗೊತ್ತಾಯಿತು. ತಯಾರಿಯ ಗದ್ದಲದಲ್ಲಿ ಅರ್ಧ ವರ್ಷ ಗೋವಾ ಕಡೆ ಬರಲಿಲ್ಲ. ಲಗ್ನಪತ್ರಿಕೆ ಕಂಪನಿಯ ಹೆಸರಿಗೆ ಬಂತು, ಮೂಲೆಗೆ ಅರಿಷಿಣ ಹಚ್ಚಿಸಿಕೊಂಡು. ಫೋನು ಮಾಡಿ ಅಂದರು: “ತಮ್ಮಾ, ಬೀಗರ ಮುಂದ ಹೇಳೀನಿ, ಗೋವಾದ ಹೋಟೆಲ್ ಮಾಲಕರು ನಮ್ಮ ದೋಸ್ತರು ಅಂತ. ಅವರಿಂದ ಒಂದು ಆಯೇರಿ ಬರ್ಲಿ. ದೊಡ್ಡದೇನ್ ಬ್ಯಾಡ.”

ಅಷ್ಟರಲ್ಲಿ ಫರ್ನಾಂಡಿಸ್ ಸಾಹೇಬರು ನಿವೃತ್ತರಾಗಿ ಹೋಗಿ ಮುಂಬೈಯಿಂದ ಮೆಹ್ರಾ ಎಂಬ ಹೊಸಬರು ಬಂದಿದ್ದರು. ಪತ್ರಿಕೆಯನ್ನು ಆಚೆಗಿಟ್ಟು ಪರದೆ ನೋಡಿದರು. ಅರ್ಧ ವರ್ಷ ಆಟವಿಲ್ಲ. ಕಾರ್ಡಿನ ದರ್ಜೆ ತಳಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ವರ್ಷಗಳೋ ಎಂದು ಕೇಳಿದೆ. ಅವುಗಳಿಗೆ ಆಗಲೇ ಊಟ ಹಾಕಿದ್ದೇವಲ್ಲ ಅಂದರು. ಹುಡುಗರೇ, ನಿಷ್ಠೆಯ ಮಾತು ಬಂದಾಗ ಇದನ್ನು ನೆನಪಿಡಿ: ಕಾರ್ಡಿನ ಬಣ್ಣ ಚಿನ್ನದ್ದಿರಲಿ, ಕಪ್ಪಿರಲಿ, ಅದಕ್ಕೆ ಗೊತ್ತಿರುವುದು ಮೊನ್ನೆಯ ಆಟ. ಹಳೆಯದೆಲ್ಲ ಚುಕ್ತಾ. ಕಡೆಗೆ ಮೆಹ್ರಾ ಸಾಹೇಬರು ಒಂದು ಕೂಪನ್ನು ಕೊಟ್ಟರು. ಮತ್ತೆ ಆಡಲು ಬಂದರೆ ದುಡ್ಡಿನ ಬದಲು ಮೇಜಿಗೆ ಹಚ್ಚುವ ಬಿಲ್ಲೆ ಮೊದಲಿಗೆ ಒಂದಿಷ್ಟು ಪುಕ್ಕಟೆ ಎನ್ನುವ ಕೂಪನ್ನು. ಮದುವೆಗೆ ಇದನ್ನೇ ಮುಟ್ಟಿಸು ಅಂದರು.

ಅದನ್ನು ಹಿಡಿದುಕೊಂಡು ಯಾದಗಿರಿಯಲ್ಲಿ ಇಳಿದೆ. ಮೈಕಿನಲ್ಲಿ ಆಯೇರಿ ಕೂಗುತ್ತಾರೆ, ಇಂಥವರಿಂದ ಇಂಥದ್ದು ಅಂತ. ಇದನ್ನು ಹೆಂಗೆ ಕೂಗಿಸುವುದು? ಬಜಾರಕ್ಕೆ ಹೋಗಿ ನನ್ನ ಕೈಯಿಂದ ಒಂದು ರೇಷ್ಮೆ ಸೀರೆ, ಒಂದು ಜರಿ ಟೋಪಿಗೆ ತಂದೆ. ಶಹಾಪುರದ ಮಂಟಪದಲ್ಲಿ ಮೈಕಿನವನ ಕಿವಿಯಲ್ಲಿ ಗೋವಾದ ಹೋಟೆಲ್ ಮಾಲಕರ ಹೆಸರಿಗೆ ಕೂಗು ಅಂದೆ. ಕೂಗಿದ. ಸಾವಕಾರರು ಟೋಪಿಗೆ ಸುತ್ತಿಸಿಕೊಂಡು ಬೀಗರ ಕಡೆ ತಿರುಗಿ, ಎಲ್ಲಿ ಗೋವಾ, ಎಲ್ಲಿ ನಮ್ಮ ಶಾಪೂರ, ನೋಡ್ರಿ ಅಂದರು. ಅವರ ಕಣ್ಣುಗಳು ತೇವವಾಗಿದ್ದವು. ನನಗೂ ಎದೆ ತುಂಬಿತ್ತು. ಸಾಹೇಬರ ಎರಡನೆಯ ಮಾತೂ ಮುರಿದಿತ್ತು. ಒಂದು ಮನೆಯಲ್ಲಿ ನಾನು ಕೆಲಸದವನಾಗಿ ಅಲ್ಲದೆ ಪಂಕ್ತಿಯಲ್ಲಿ ಕೂತು ಉಂಡು ಎಷ್ಟೋ ವರ್ಷವಾಗಿತ್ತು.

ಮದುವೆಯಾಗಿ ತಿಂಗಳೊಪ್ಪತ್ತಿನಲ್ಲಿ ಸಾವಕಾರರು ಬಂದರು. ಹಿಂದೆಂದೂ ಆಡದ ಹಾಗೆ ಆಡಿದರು. ಹೋದರು, ಮತ್ತೆ ಬಂದರು. ಹತ್ತಿಯ ಸುಗ್ಗಿಯಲ್ಲಿ ಗಿರಣಿ ಬಿಟ್ಟು ಬಂದರು. ಪರದೆಯ ಮೇಲೆ ಅವರ ಹೆಸರು ಏರುತ್ತ ಹೋಯಿತು. ಸಮುದ್ರ ಕಾಣುವ ದೊಡ್ಡ ಖೋಲಿ ಕೊಟ್ಟರು, ಕಾರು ಕೊಟ್ಟರು. ಮೆಹ್ರಾ ಸಾಹೇಬರು ನನ್ನ ಬೆನ್ನು ತಟ್ಟಿ, ಆ ಕೂಪನ್ನು ಕೆಲಸ ಮಾಡಿತು ನೋಡು ಅಂದರು. ಕೂಪನ್ನು ನನ್ನ ಪೆಟ್ಟಿಗೆಯಲ್ಲೇ ಇತ್ತು.

ಒಂದು ದಿನ ಅವರ ಮಗ ಶಿವರಾಜನ ಫೋನು. ರಸ್ತೆ ಮಗ್ಗುಲಿನ ಜಾಗ ಮಾರಿದ್ದಾಯಿತು, ಈಗ ಗಿರಣಿ ಕೇಳಿಕೊಂಡು ಮಂದಿ ಬರಾಕತ್ತಾರ, ಅಪ್ಪ ಯಾರ ಮಾತೂ ಕೇಳುವುದಿಲ್ಲ, ನಿಮ್ಮ ಮಾತು ಕೇಳ್ತಾನ ಮಾಮಾ ಅಂದ. ಆ ಗಿರಣಿಯ ಮೇಲೆ ಆ ಮನೆ ನಿಂತಿತ್ತು.

ಮಧ್ಯಾಹ್ನ ಸಾವಕಾರರ ಖೋಲಿಗೆ ಹೋದೆ. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು, ಮೇಜಿಗೆ ಹೋಗಲು. ಇಷ್ಟು ಯಾಕೆ ಆಡುತ್ತೀರಿ, ಇವತ್ತು ಮಲಗಿಬಿಡ್ರಿ ಅಂದೆ. “ಬುದ್ಧಿ ಇಲ್ಲೇನೋ ನಿನಗ? ಮಗಳ ಮದುವ್ಯಾಗ ನಾಕ್ ಮಂದ್ಯಾಗ ಆಯೇರಿ ಮಾಡಿ ಮಾನ ಉಳಿಸ್ಯಾರ. ನಾ ತಿರುಗಿ ಮುಟ್ಟಸಬ್ಯಾಡೇನು?” ಅಂದರು.

ಸುಮ್ಮನಿದ್ದರೆ ನೌಕರಿ ಉಳಿಯುತ್ತಿತ್ತು, ಅವರೂ ಉಳಿಯುತ್ತಿದ್ದರು ನನಗೆ. ಗಿರಣಿ ಹೋಗುತ್ತಿತ್ತು. ಬಾಗಿಲು ಮುಚ್ಚಿ ಬಂದು ಹೇಳಿದೆ: “ಅದು ಕಂಪನಿ ಆಯೇರಿ ಅಲ್ರಿ. ನಾ ತಂದಿದ್ದು.”

“ಸೀರಿ?”

“ನಾನ ತಂದಿದ್ರಿ.”

“ಟೋಪಿಗಿ?”

“ಅದೂ ನಾನ.”

“ಮತ್ತ ಅವರೇನ್ ಕಳಸಿದ್ರು?”

ಮತ್ತೆ ಆಡಲು ಬರ್ರಿ ಅಂತ ಒಂದು ಚೀಟಿ ಅಂದೆ. ಸಾವಕಾರರು ಉಂಡ ತಟ್ಟೆಗಳನ್ನು ಆಚೆಗೆ ಸರಿಸಿದರು. ಆಮೇಲೆ ಕೇಳಿದರು: “ಹಂಗಾದ್ರ ಇಷ್ಟ್ ವರ್ಷ ನಾ ಯಾರ ಮನ್ಯಾಗ ಉಂಡೆ?”

ಅದು ನಿಮ್ಮದೇ ದುಡ್ಡಿನ ಊಟ ಎನ್ನಬಹುದಿತ್ತು. ಅವರೇ ಮತ್ತೆ ಕೇಳಿದರು, ನಾನು ಆಡಿದ್ದಕ್ಕೆ ನಿನ್ನ ಪಗಾರ ಹೆಚ್ಚಾಗುತ್ತಿತ್ತೇನು ಅಂತ. ಆಗ್ತಿತ್ರಿ ಅಂದೆ. ಖರೇ ಹೇಳಲು ಶುರು ಮಾಡಿದ ಮೇಲೆ ಅರ್ಧಕ್ಕೆ ನಿಲ್ಲಿಸುವುದು ಹೆಂಗೆ?

ಚೀಲ ಕಟ್ಟಿಕೊಂಡು ಕೆಳಗೆ ಬಂದು ಕೌಂಟರಿನಲ್ಲಿ ಬಿಲ್ಲು ಕೇಳಿದರು. ಅಲ್ಲಿಯ ಹುಡುಗಿಗೆ ಗಾಬರಿ. ನಿಮಗೆ ಬಿಲ್ಲು ಇರುವುದಿಲ್ಲ ಸರ್ ಅಂದಳು. ಇರಲಿ, ಮಾಡವಾ ಅಂದರು. ಪರದೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಅವಳು ಮೇಲಿನವರನ್ನು ಕರೆದು, ಅವರು ಮತ್ತೊಬ್ಬರನ್ನು ಕರೆದು, ಬಿಲ್ಲು ಆಗುವ ತನಕ ಸಾವಕಾರರು ನಿಂತೇ ಇದ್ದರು. ಖೋಲಿಗೆ, ಊಟಕ್ಕೆ, ನೀರಿನ ಬಾಟಲಿಗೆ ಎಲ್ಲ ಕೊಟ್ಟರು. ಬಾಗಿಲಲ್ಲಿ ನನ್ನ ಎದೆಯ ಪಟ್ಟಿ ಓದಿದವರ ಹಾಗೆ, “ಬರ್ತೀನ್ರಿ ವೀರ್ ಸಾಹೇಬ್ರ” ಅಂದರು. ತಮ್ಮಾ ಅನ್ನುತ್ತಿದ್ದ ಬಾಯಿ ‘ರಿ’ ಅಂದಿತು. ನಮ್ಮ ಕಡೆ ಅದು ಮರ್ಯಾದೆಯೂ ಹೌದು, ಬಾಗಿಲು ಹಾಕುವುದೂ ಹೌದು.

ಅವರು ಮತ್ತೆ ಬರಲಿಲ್ಲ. ಹೊಳೆಯ ಬೇರೆ ಯಾವ ಹಡಗಿಗೂ ಹೋಗಲಿಲ್ಲವೆಂದು ಆಚೀಚೆಯ ಹೋಸ್ಟುಗಳಿಂದ ಕೇಳಿ ತಿಳಿದುಕೊಂಡೆ. ಮೆಹ್ರಾ ಸಾಹೇಬರಿಗೆ ಏನಾಯಿತೆಂದು ಅಂದಾಜಾಯಿತು. ನನ್ನನ್ನು ತೆಗೆದುಹಾಕಲಿಲ್ಲ, ದಕ್ಕೆಯ ಮೇಲೆ ಬಂದವರ ಕೈಪಟ್ಟಿ ನೋಡಿ ದೋಣಿ ಹತ್ತಿಸುವ ಕೆಲಸಕ್ಕೆ ಹಾಕಿದರು. ಉಳಿದ ವರ್ಷಗಳನ್ನು ಅಲ್ಲೇ ಕಳೆದೆ. ನಿವೃತ್ತಿಯ ದಿನ ಫೋನಿನ ಸಿಮ್ಮು ತೆಗೆದುಕೊಂಡರು, ಅದು ಕಂಪನಿಯದು. ಅಷ್ಟೂ ಆಟಗಾರರ ನಂಬರು ಅದರ ಜೊತೆ ಹೋಯಿತು. ಖಾಲಾ ಈಗ ಇದ್ದಾಳೋ ಇಲ್ಲವೋ, ನನಗೆ ತಿಳಿಯುವ ದಾರಿಯಿಲ್ಲ. ಹೊಸ ನಂಬರು ತಗೊಂಡೆ. ಮಗಳು ರವಿವಾರ ಮಾಡುತ್ತಾಳೆ.

ಹೋದ ಚಳಿಗಾಲದಲ್ಲಿ ಮನಸ್ಸು ತಡೆಯದೆ ಶಹಾಪುರಕ್ಕೆ ಹೋದೆ. ಗಿರಣಿ ನಡೆದಿತ್ತು. ಹತ್ತಿ ಹೇರಿದ ಟ್ರ್ಯಾಕ್ಟರುಗಳು ರಸ್ತೆಯ ತನಕ ನಿಂತಿದ್ದವು. ಶಿವರಾಜ ಒಳಗೆ ಯಾರಿಗೋ ತೂಕದ ಬಗ್ಗೆ ಬೈಯುತ್ತಿದ್ದ. ಸಾವಕಾರರು ಹೊರಗೆ ಬಿಸಿಲಿಗೆ ಖುರ್ಚಿ ಹಾಕಿಕೊಂಡು ಕೂತಿದ್ದರು. ನನ್ನನ್ನು ನೋಡಿ, ಬರ್ರಿ, ಕುಂಡ್ರಿ ಅಂದರು. ಮಗಳ ವಿಚಾರ ಕೇಳಿದೆ, ಮೊಮ್ಮಗ ಹುಟ್ಟ್ಯಾನ್ರಿ ಅಂದರು. ನನ್ನ ತಬ್ಯೇತು ಹೆಂಗಿದೆ, ಆರಾಮ ಇದ್ದೀರೇನು ಎಂದು ಕೇಳಿದರು. ಗೋವಾದ ಮಾತು ಇಬ್ಬರೂ ಎತ್ತಲಿಲ್ಲ. ಚಾ ತರಿಸಿದರು. ಬಿಸಿ ಇತ್ತು, ಚಲೋ ಇತ್ತು, ಇಬ್ಬರೂ ಕುಡಿದೆವು.

ಏಳುವಾಗ ಸುಮ್ಮನೆ ಏಳಲು ನನಗೂ ಆಗಲಿಲ್ಲ. ಯಾದಗಿರಿ ಕಡೆ ಬಂದರೆ ನಮ್ಮ ಮನೆಗೆ ಬರಬೇಕ್ರಿ, ಒಂದು ತುತ್ತು ಊಟ ಮಾಡಿ ಹೋಗಬೇಕ್ರಿ ಅಂದೆ. ಸಾವಕಾರರು ನನ್ನ ಕೈಯಿಂದ ಖಾಲಿ ಕಪ್ಪು ತಾವೇ ಇಸಕೊಂಡರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

“ಒಂದ್ ಕಪ್ ಚಾಕ್ಕ ಏನೂ ತಿರುಗಿ ಮುಟ್ಟಸಬೇಕಾಗಿಲ್ರಿ” ಅಂದರು.